ನೀಲಿ ಬಿಸಿಲು

"ನೆರಳಲ್ಲಿ ಎದ್ದ ಸಸೀನ ಒಂದೇ ದಿನಕ್ಕೆ ಬಿಸಿಲಿಗೆ ಇಡ್ತಾರೇನಮ್ಮಾಯಿ?"

ಮಾವ ಇದನ್ನು ಕೇಳಿದ್ದು ಗುರುವಾರ ರಾತ್ರಿ, ಚಪಾತಿ ಮುರಿಯುತ್ತಾ. ಇವತ್ತು ಭಾನುವಾರ. ಪಾತ್ರೆ ತೊಳೆಯುವಾಗ, ಹಾಜರಿ ಕೂಗುವಾಗ, ಗಾಡಿ ಸ್ಟಾರ್ಟ್ ಮಾಡುವಾಗ, ಅದೇ ಮಾತು ಕಿವಿಯಲ್ಲಿ ತಿರುಗುತ್ತಿದೆ.

ನಮ್ಮ ಮನೆಯ ಹಾಲ್‌ನಲ್ಲಿ ಎರಡೂವರೆ ಅಡಿಯ ಒಂದು ಗಾಜಿನ ಟ್ಯಾಂಕ್ ಇದೆ. ಉಪ್ಪುನೀರಿನದು. ಚಿಕ್ಕಬಳ್ಳಾಪುರ ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿರುವ ಊರು. ಇಲ್ಲಿ ಸಮುದ್ರ ಮಾಡಲು ಹೊರಟವಳ ತಲೆ ಸರಿ ಇದೆಯಾ ಅಂತ ನಮ್ಮೆಜಮಾನರು ಮೊದಲ ದಿನವೇ ಕೇಳಿದ್ದರು. ನಮ್ಮ ಬೋರಿನ ನೀರಿನಲ್ಲಿ ಬೇಳೆಯೇ ಸರಿಯಾಗಿ ಬೇಯುವುದಿಲ್ಲ. ಅದಕ್ಕೇ ಆರ್‌ಒ ನೀರು ಹಿಡಿದು, ಲೀಟರಿಗೆ 35 ಗ್ರಾಂ ಲೆಕ್ಕದಲ್ಲಿ ಪ್ಯಾಕೆಟ್ ಉಪ್ಪು ಕಲಸಿ, ಒಂದು ದಿನ ತಿರುವಲು ಬಿಟ್ಟು ಹಾಕುತ್ತೇನೆ. ಎರಡು ಕ್ಲೌನ್ ಮೀನು, ಝೋವಾಂಥಿಡ್ ಅನ್ನುವ ಗುಂಡಿಯಂಥ ಮೆತ್ತನೆಯ ಹವಳ ಒಂದಷ್ಟು, ಅಣಬೆಯ ಕೊಡೆಯಂಥ ಮಶ್ರೂಮ್ ಹವಳ ನಾಲ್ಕು. ಅಷ್ಟೇ ನನ್ನ ಸಮುದ್ರ. ಕಲ್ಲುಹವಳ ಇಟ್ಟಿಲ್ಲ, ಇಡುವಂತೆಯೂ ಇಲ್ಲ. ಅವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ, ಹುಲಿಯ ಜೊತೆಗೇ. ಇದನ್ನು ಹೇಳಿದರೆ ಅರ್ಧ ಜನ ನಂಬುವುದಿಲ್ಲ.

ಮೊದಲಿನಿಂದ ಇದ್ದದ್ದು ಬಿಳಿ ಎಲ್‌ಇಡಿ ಒಂದೇ. ಹವಳಗಳು ಚೆನ್ನಾಗಿಯೇ ಇದ್ದವು, ಆದರೆ ಸಪ್ಪೆ. ಬೇರೆಯವರ ಫೋಟೋಗಳಲ್ಲಿ ಹಸಿರು, ಕಿತ್ತಳೆ ಕೆಂಡದ ಹಾಗೆ ಹೊಳೆಯುತ್ತವೆ, ನಮ್ಮವು ಬೇಯಿಸಿದ ಸೊಪ್ಪಿನ ಹಾಗೆ. ಕಾರಣ ಗೊತ್ತಿತ್ತು. ಹವಳದ ಮೈಯಲ್ಲಿರುವ ಕೆಲವು ಪ್ರೋಟೀನುಗಳು ನೀಲಿ ಬೆಳಕನ್ನು ಹೀರಿ ಹಸಿರೋ ಕೆಂಪೋ ಆಗಿ ಹೊರಗೆ ಬಿಡುತ್ತವೆ. ಬಿಳಿ ಬೆಳಕು ಜಾಸ್ತಿ ಇದ್ದರೆ ಆ ಹೊಳಪು ಕಾಣದೆ ಮುಚ್ಚಿಹೋಗುತ್ತದೆ. ಜೆಲ್ಲಿಮೀನಿನಲ್ಲಿ ಸಿಕ್ಕ ಇಂಥದ್ದೇ ಹಸಿರು ಪ್ರೋಟೀನಿಗೆ 2008ರಲ್ಲಿ ನೊಬೆಲ್ ಬಂತು. 1999ರಲ್ಲಿ ರಷ್ಯಾದ ವಿಜ್ಞಾನಿಗಳು ಕೆಂಪು ಹೊಳಪಿನದನ್ನು ತೆಗೆದದ್ದು ಡಿಸ್ಕೋಸೋಮದಿಂದ, ಅಂದರೆ ನಮ್ಮ ಹಾಲ್‌ನಲ್ಲಿರುವ ಮಶ್ರೂಮ್ ಹವಳದ ಬಳಗದಿಂದಲೇ. ಅಂಥ ಮನೆತನದವು ನಮ್ಮಲ್ಲಿ ಬೇಯಿಸಿದ ಸೊಪ್ಪಿನ ಹಾಗೆ ಕೂತಿದ್ದರೆ ಯಾರಿಗೆ ಸಹಿಸುತ್ತದೆ?

ಹೋದ ಭಾನುವಾರ 24 ವಾಟಿನ ನೀಲಿ ಎಲ್‌ಇಡಿ ಪಟ್ಟಿ ತರಿಸಿ ಬಿಳಿಯ ಪಕ್ಕದಲ್ಲೇ ಕೂರಿಸಿದೆ. ಬೆಳಕಿನ ಅಲೆಯ ಉದ್ದ 450 ನ್ಯಾನೋಮೀಟರ್ ಆಸುಪಾಸಿನದು, ರಾಯಲ್ ಬ್ಲೂ ಅನ್ನುತ್ತಾರೆ. ಬೆಳಕು ಏರಿಸಿ ಇಳಿಸುವ ಗುಂಡಿ ಇಲ್ಲ, ಆನ್ ಅಥವಾ ಆಫ್. ಎಷ್ಟು ಹೊತ್ತು ಹಾಕಲಿ ಅಂತ ಮಾರಿದವನಿಗೆ ಫೋನ್ ಮಾಡಿದೆ. "ಎಂಟು ಗಂಟೆ ಫುಲ್ ಹಾಕಿ ಮೇಡಂ, ಕಲರ್ ನೋಡಿ ಹೆಂಗ್ ಬರುತ್ತೆ" ಅಂದ. ಟ್ಯಾಂಕಿನ ಎತ್ತರ ಕೇಳಲಿಲ್ಲ, ಒಳಗೆ ಏನಿದೆ ಅಂತಲೂ ಕೇಳಲಿಲ್ಲ. ಇವನು ಮನುಷ್ಯರ ಡಾಕ್ಟರಾಗದೆ ಉಳಿದದ್ದು ನಮ್ಮ ಪುಣ್ಯ.

ಮೊದಲ ಸಂಜೆ ಹಬ್ಬ. ಹಾಲ್ ತುಂಬಾ ನೀಲಿ. ಝೋವಾಂಥಿಡ್‌ಗಳು ಒಂದೊಂದೂ ಬೆಂಕಿಯ ಉಂಗುರ. ಎದುರು ಮನೆಯವರು ಬಂದು, "ಏನ್ರೀ ಟೀಚರ್, ಸೊಳ್ಳೆ ಹೊಡೆಯೋ ಲೈಟಾ?" ಅಂದರು. ನಮ್ಮೆಜಮಾನರಿಗೆ ಗೃಹಜ್ಯೋತಿಯ ಚಿಂತೆ, ಯೂನಿಟ್ ಮೀರಿ ಬಿಲ್ ಬಂದರೆ ಏನು ಗತಿ ಅಂತ. ತಿಂಗಳಿಗೆ ಆರು ಯೂನಿಟ್ಟೂ ಆಗುವುದಿಲ್ಲ ಅಂತ ಲೆಕ್ಕ ಬರೆದು ತೋರಿಸಿದೆ. ಆ ಮನುಷ್ಯನಿಗೆ ಟಿವಿ ರಾತ್ರಿಯಿಡೀ ಓಡಿದರೆ ಯೂನಿಟ್ಟು ನೆನಪಾಗುವುದಿಲ್ಲ.

ಬುಧವಾರ ಬೆಳಿಗ್ಗೆ ನೋಡಿದರೆ ಝೋವಾಂಥಿಡ್ ಎಲ್ಲ ಮುಚ್ಚಿಕೊಂಡಿವೆ. ಮಶ್ರೂಮ್‌ಗಳು ಹಪ್ಪಳ ಮುದುರಿದ ಹಾಗೆ. ಒಂದರ ಅಂಚು ಬೆಳ್ಳಗಾಗಿತ್ತು.

ಗಾಬರಿಯಾಗಿ ಎಲ್ಲವನ್ನೂ ಅನುಮಾನಿಸಿದೆ. ಉಪ್ಪು ನೋಡಿದೆ, ಸರಿ ಇತ್ತು. ಅಮೋನಿಯ ಇಲ್ಲ. ನೀರಿನ ಬಿಸಿ 26 ಡಿಗ್ರಿ. ಆದರೂ ಹತ್ತು ಲೀಟರ್ ನೀರು ಬದಲಿಸಿದೆ. ಕೆಲಸದಾಕೆ ಹಾಲ್ ಒರೆಸುವಾಗ ಫಿನಾಯಿಲ್ ಜಾಸ್ತಿ ಹಾಕಿದಳೇನೋ ಅಂತ ಅವಳನ್ನೂ ಕೇಳಿ, ಅವಳು ಮುಖ ಊದಿಸಿಕೊಂಡಳು. ಪಾಪ. ದೀಪದ ಮೇಲೆ ಮಾತ್ರ ಅನುಮಾನ ಬರಲೇ ಇಲ್ಲ. ಯಾಕೆಂದರೆ ಅದು ನನ್ನ ಕಣ್ಣಿಗೆ ಮಂಕಾಗಿತ್ತು. ಬಿಳಿ ದೀಪವೇ ಇದಕ್ಕಿಂತ ಪ್ರಖರ. ಫೋನಿನಲ್ಲಿ ಲಕ್ಸ್, ಅಂದರೆ ಬೆಳಕಿನ ಪ್ರಖರತೆ, ಅಳೆಯುವ ಆ್ಯಪ್ ಹಿಡಿದರೂ ನೀಲಿಯದೇ ಕಡಿಮೆ ಅಂಕಿ.

ಗುರುವಾರ ಸಂಜೆ ಗುಡಿಬಂಡೆ ಕಡೆಯಿಂದ ಸೋದರಮಾವ ಬಂದರು. ಒಂದು ಕಣ್ಣಿನ ಪೊರೆ ತೆಗೆಸಿ ತಿಂಗಳಾಗಿತ್ತು, ತೋರಿಸಲು ಬಂದವರು ರಾತ್ರಿ ಇಲ್ಲೇ ಉಳಿದರು. ಮಾವನದು ಅರ್ಧ ತೆಲುಗು, ಅರ್ಧ ಕನ್ನಡ. ನನ್ನನ್ನು ಇವತ್ತಿಗೂ ಅಮ್ಮಾಯಿ ಅನ್ನುತ್ತಾರೆ. ಓದಿದ್ದು ನಾಲ್ಕನೇ ಕ್ಲಾಸು. ಒಂದೂವರೆ ಎಕರೆ ಸೇವಂತಿಗೆ ಇಟ್ಟಿದ್ದಾರೆ.

ಅವರು ಟ್ಯಾಂಕಿನ ಮುಂದೆ ನಿಂತು ಒಂದು ಕಣ್ಣು ಮುಚ್ಚಿದರು. ತೆಗೆದು ಇನ್ನೊಂದು ಮುಚ್ಚಿದರು. ಮತ್ತೆ ಮೊದಲನೆಯದು.

"ಈ ಕಣ್ಣಿಗೆ ಕಮ್ಮಿ, ಈ ಕಣ್ಣಿಗೆ ಭಾರೀ ಜಾಸ್ತಿ. ದೀಪ ಒಂದೇ ಅಲ್ವಾ?"

ನಾನು ನಕ್ಕೆ. ಪೊರೆ ಬಂದ ಕಣ್ಣಿನ ಮಸೂರ ಹಳದಿಯಾಗಿರುತ್ತದೆ, ನೀಲಿಯನ್ನು ತಡೆಯುತ್ತದೆ, ಆಪರೇಷನ್ ಆದ ಕಣ್ಣಿಗೆ ನೀಲಿ ಚೆನ್ನಾಗಿ ಕಾಣುತ್ತದೆ ಅಂತ ಟೀಚರ್ ಧಾಟಿಯಲ್ಲಿ ವಿವರಿಸಿದೆ. ವಿವರಿಸಿ ಅಡುಗೆಮನೆಗೂ ಹೋದೆ. ಅಲ್ಲೇ ಸಿಕ್ಕಿಬಿಡಬೇಕಿತ್ತು ನನಗೆ. ಸಿಗಲಿಲ್ಲ.

ಊಟಕ್ಕೆ ಕೂತಾಗ ಮಾವ ಮತ್ತೆ ತೆಗೆದರು. "ಅದು ಗಿಡಾನಾ, ಪ್ರಾಣೀನಾ?"

"ಪ್ರಾಣಿ ಮಾವ. ಆದ್ರೆ ಮೈಯೊಳಗೆ ಸಣ್ಣ ಪಾಚಿ ಇರ್ತದೆ. ಅದು ಬೆಳಕಲ್ಲಿ ಊಟ ಮಾಡಿ ಇದಕ್ಕೂ ಕೊಡ್ತದೆ."

"ಹಂಗಾದ್ರೆ ದೀಪ ಬಾಡಿಗೆಗೆ ಇರೋನಿಗೆ. ಇದನ್ನ ಯಾವತ್ತು ಹಾಕಿದ್ದು?"

"ಭಾನುವಾರ."

"ದಿನಕ್ಕೆ ಎಷ್ಟೊತ್ತು?"

"ಎಂಟು ಗಂಟೆ."

ಆಗಲೇ ಬಂದದ್ದು ಆ ಪ್ರಶ್ನೆ. ನಾನು ಸೋಲಲಿಲ್ಲ. "ಬಿಸಿಲೆಲ್ಲಿ ಮಾವ, ಮಂಕು ಬೆಳಕು ಅದು" ಅಂದೆ.

"ನಿನ್ ಕಣ್ಣಿಗೆ" ಅಂದರು, ಪಲ್ಯಕ್ಕೆ ಕೈ ಹಾಕುತ್ತಾ.

ಎಂಟನೇ ಕ್ಲಾಸಿಗೆ ಬೆಳಕಿನ ಪಾಠ ಮಾಡುವವಳು ನಾನು. ಮನುಷ್ಯನ ಕಣ್ಣು ಹಗಲಲ್ಲಿ ಚೆನ್ನಾಗಿ ಹಿಡಿಯುವುದು 555 ನ್ಯಾನೋಮೀಟರಿನ ಹಸಿರನ್ನು. 450ರ ನೀಲಿಗೆ ಅದರ ಚುರುಕು ಸುಮಾರು ಇಪ್ಪತ್ತೈದರಲ್ಲಿ ಒಂದು ಪಾಲು. ಲಕ್ಸ್ ಅನ್ನುವುದು ಮನುಷ್ಯನ ಕಣ್ಣಿನ ಲೆಕ್ಕ, ಹವಳದ್ದಲ್ಲ. ಸಮುದ್ರದಲ್ಲಿ ಕೆಳಗೆ ಇಳಿದಂತೆ ಮೊದಲು ಹೋಗುವುದು ಕೆಂಪು, ಹತ್ತು ಮೀಟರ್ ದಾಟುವಷ್ಟರಲ್ಲಿ ಬಹುಪಾಲು ಮುಗಿದಿರುತ್ತದೆ. ಆಳದವರೆಗೆ ಹೋಗುವುದು ನೀಲಿ. ಹವಳದೊಳಗಿನ ಪಾಚಿ ಅದನ್ನೇ ನಂಬಿ ಬದುಕಿರುವುದು, ಅದನ್ನೇ ಬಾಚಿ ಹೀರುವುದು. ಒಮ್ಮೆಲೇ ಜಾಸ್ತಿಯಾದರೆ ಪಾಚಿಯ ಒಳಗೇ ವಿಷ ಹುಟ್ಟುತ್ತದೆ, ಹವಳ ಅದನ್ನು ಹೊರಗೆ ಹಾಕುತ್ತದೆ, ಬಿಳುಚುತ್ತದೆ. ಎಲ್ಲವೂ ಗೊತ್ತಿತ್ತು. ಗೊತ್ತಿದ್ದೂ ದೀಪದ ಮುಂದೆ ಕಣ್ಣರಳಿಸಿ ನಿಂತು, "ಇದು ಮಂಕು, ಪರವಾಗಿಲ್ಲ" ಅಂದುಕೊಂಡವಳೂ ನಾನೇ.

ಮಾವನಿಗೆ ನ್ಯಾನೋಮೀಟರ್ ಗೊತ್ತಿಲ್ಲ. ಆದರೆ ರಾತ್ರಿ ಅವರ ಹೊಲ ನೋಡಬೇಕು. ಸಾಲು ಸಾಲು ಬಲ್ಬು, ದೂರದಿಂದ ಜಾತ್ರೆ. ಆ ಕಡೆ ಬಸ್ಸಿನಲ್ಲಿ ಹೋಗುವ ಬೆಂಗಳೂರಿನವರು ಯಾವ ಫಂಕ್ಷನ್ ಅಂತ ಕೇಳುತ್ತಾರಂತೆ. ರಾತ್ರಿ ಉದ್ದವಾದರೆ ಸೇವಂತಿಗೆ ಮೊಗ್ಗು ಕಟ್ಟುತ್ತದೆ. ಗಿಡ ಎತ್ತರವಾಗುವವರೆಗೆ ನಡುರಾತ್ರಿಯಲ್ಲಿ ದೀಪ ಹಾಕಿ ಅದನ್ನು ತಡೆಯುತ್ತಾರೆ. ಸಾಕು ಅನ್ನಿಸಿದಾಗ ಆರಿಸುತ್ತಾರೆ. ಆ ಬಲ್ಬಿನ ಬೆಳಕಿನಲ್ಲಿ ನಮಗೆ ಪೇಪರ್ ಓದಲೂ ಆಗುವುದಿಲ್ಲ. ಗಿಡಕ್ಕೆ ಅದೇ ಹಗಲು. ಬೆಳಕನ್ನು ಗಿಡದ ಕಡೆಯಿಂದ ನೋಡುವುದು ಅವರಿಗೆ ಪ್ರತಿ ರಾತ್ರಿಯ ಕೆಲಸ.

ಈಗ ನನ್ನನ್ನು ಕೊರೆಯುತ್ತಿರುವುದು ಹವಳವೂ ಅಲ್ಲ. ನಮ್ಮ ಕ್ಲಾಸಿನಲ್ಲಿ ಹೂ ಬೆಳೆಯುವ ಮನೆಯ ಮಕ್ಕಳು ಎಷ್ಟೋ ಜನ. ಹನ್ನೆರಡು ವರ್ಷ ಪಾಠ ಮಾಡಿದ್ದೇನೆ, ಒಂದು ದಿನವೂ ಆ ದೀಪದ ಬಗ್ಗೆ ಕೇಳಿಲ್ಲ. ಶುಕ್ರವಾರ ಕೇಳಿದೆ. ಹಿಂದಿನ ಬೆಂಚಿನ ಒಬ್ಬ ಹುಡುಗ ಎದ್ದು ನಿಂತ. "ಲೈಟ್ ಬಿಟ್ರೆ ಗಿಡ ಹಗಲು ಅನ್ಕೊಳ್ತದೆ ಮಿಸ್. ಮೊಗ್ಗು ಹಾಕಲ್ಲ. ಕರೆಂಟ್ ಹೋದ್ರೆ ನಮ್ಮಪ್ಪಂಗೆ ನಿದ್ದೆ ಬರಲ್ಲ." ಕಳೆದ ಪರೀಕ್ಷೆಯಲ್ಲಿ ದ್ಯುತಿಸಂಶ್ಲೇಷಣೆ ಅಂತ ತಪ್ಪಿಲ್ಲದೆ ಬರೆಯಲಿಲ್ಲ ಅಂತ ಇವನಿಗೇ ಒಂದು ಅಂಕ ಕಳೆದಿದ್ದೆ. ಅವನು ಹೇಳಿ ಕೂತ. ನಾನು ಸ್ವಲ್ಪ ಹೊತ್ತು ಸುಮ್ನೆ ಬೋರ್ಡ್ ಒರೆಸಿದೆ, ಅದರ ಮೇಲೆ ಏನೂ ಬರೆದಿರಲಿಲ್ಲ.

ಮಾವ ಶುಕ್ರವಾರವೇ ಊರಿಗೆ ಹೋದರು. ಶನಿವಾರ ಬೆಳಿಗ್ಗೆ ಬಸ್ ಕಂಡಕ್ಟರ್ ಕೈಯಲ್ಲಿ ಒಂದು ಚೀಲ ಕಳಿಸಿದ್ದರು. ಎರಡು ಕೆಜಿ ಸೇವಂತಿಗೆ, ಅದರಡಿ ಮಡಿಸಿಟ್ಟ ನರ್ಸರಿಯ ಶೇಡ್ ನೆಟ್, ಕಪ್ಪಿನದು. ಅಳತೆಗೆ ಕತ್ತರಿಸಿ ತೊಳೆದು, ನೀಲಿ ಪಟ್ಟಿಯ ಕೆಳಗೆ ಗಾಜಿನ ಮೇಲೆ ನಾಲ್ಕು ಪದರ ಹಾಸಿದ್ದೇನೆ. ದೀಪ ಈಗ ಮೂರೇ ಗಂಟೆ. ವಾರಕ್ಕೊಂದು ಪದರ ತೆಗೆಯುವುದು, ಆಮೇಲೆ ಅರ್ಧರ್ಧ ಗಂಟೆ ಏರಿಸುವುದು ಅಂತ ಲೆಕ್ಕ. ಬೆಳ್ಳಗಾದ ಮಶ್ರೂಮನ್ನು ಕಲ್ಲಿನ ನೆರಳಿಗೆ ಸರಿಸಿದೆ. ಕೆಲಸದಾಕೆಗೆ ಒಂದು ಮೊಳ ಹೂ ಕೊಟ್ಟೆ, ತೆಗೆದುಕೊಂಡಳು, ಮಾತಾಡಲಿಲ್ಲ.

ಸಂಜೆ ಮಾವ ಫೋನ್ ಮಾಡಿದ್ದರು. "ಸಸಿ ಹೆಂಗವೆ?"

"ಝೋವಾಂಥಿಡ್ ಅರ್ಧ ಬಿಚ್ಚಿವೆ ಮಾವ. ಮಶ್ರೂಮ್ ಇನ್ನೂ ಮುದುರಿಕೊಂಡೇ ಇವೆ."

"ದಿನಾ ಹೋಗಿ ಇಣುಕ್ಬೇಡ" ಅಂದು ಇಟ್ಟರು.