ಹಕ್ಕಿಗೆ ಮುಂಚೆ ಕಟ್ಟೆಯ ಮಟ್ಟ ನೋಡಿ

ಕನ್ನಂಬಾಡಿ ಕಟ್ಟೆ (ಕೆ.ಆರ್.ಎಸ್.) ತುಂಬಿ 124.80 ಅಡಿ ಮುಟ್ಟಿತು ಅಂದರೆ ಮಂಡ್ಯ ಸೀಮೆಗೆಲ್ಲ ಹಬ್ಬ. ವಲಸೆ ಹಕ್ಕಿ ನೋಡಲು ಹಿನ್ನೀರಿಗೆ ಕಯಾಕ್ (ಹುಟ್ಟು ಹಾಕುವ ಕಿರಿದಾದ ದೋಣಿ) ಇಳಿಸುವವರಿಗೆ ಮಾತ್ರ ಅಷ್ಟೇನೂ ಖುಷಿಯ ಸುದ್ದಿಯಲ್ಲ. ಕಟ್ಟೆ ತುಂಬಿದರೆ ಕೆಸರಿನ ಅಂಚು ಮುಳುಗಿಹೋಗುತ್ತದೆ. ಸೂಜಿಬಾಲದ ಬಾತು ತಲೆಕೆಳಗಾಗಿ ಮೇಯಲು ಮೊಣಕಾಲುದ್ದದೊಳಗಿನ ನೀರು ಬೇಕು, ಗೊರವ ಹಕ್ಕಿಗಳಿಗೆ ಹಸಿ ಕೆಸರೇ ಬೇಕು. ಅದಕ್ಕೇ ಅಕ್ಟೋಬರಿನಲ್ಲಿ ಬಂದಿಳಿದವು ಕೆರೆ, ಗದ್ದೆ ಅಂತ ಚದುರಿರುತ್ತವೆ. ನೀರು ಇಳಿದು ಮೀನಾಕ್ಷಿಪುರದ ಕಡೆ ದಡ ಬಿಚ್ಚಿಕೊಂಡ ಮೇಲೆ ಹಿನ್ನೀರಿಗೆ ಕಳೆ. ಪೇಪರಿನಲ್ಲಿ ದಿನಾ ಬರುವ ಮಟ್ಟದ ಅಂಕಿ ನೋಡಿಕೊಂಡೇ ಹೊರಡಿ.

ಹೊತ್ತು ಮೂಡುವ ಮುಂಚೆ ನೀರಿಗಿಳಿಯಿರಿ, ಬಿಸಿಲೇರಿದಂತೆ ಗಾಳಿ ಎದ್ದು ಅಲೆ ಶುರುವಾಗುತ್ತದೆ. ಬಾತುಗಳ ಗುಂಪಿಗೆ ನೇರ ಮೂತಿ ಇಟ್ಟು ಹೋಗಬೇಡಿ, ಓರೆಯಾಗಿ ಸಾಗಿ. ಗಾಳಿ ನಿಮ್ಮ ಮುಖಕ್ಕೆ ಬಡಿಯುತ್ತಿರಲಿ. ಹುಟ್ಟು ನಿಲ್ಲಿಸಿದರೆ ದೋಣಿ ತಾನಾಗಿ ಹಿಂದೆ ಸರಿಯುತ್ತದೆ. ಬೆನ್ನಿಗೆ ಗಾಳಿಯಿದ್ದರೆ ಅದೇ ದೋಣಿ ಹಕ್ಕಿಗಳ ಮೇಲೆ ತೇಲಿಹೋಗುತ್ತದೆ. ಗಾಳಿಗೆದುರಾಗಿ ಏಳುವ ಬಾತು ನಿಮ್ಮತ್ತಲೇ ಹಾರಬೇಕಾಗಿ ಬಂದು ಗಾಬರಿಯಾಗುತ್ತದೆ. ಹುಟ್ಟನ್ನು ಭುಜದ ಮೇಲಕ್ಕೆ ಎತ್ತಬೇಡಿ. ಒದ್ದೆ ಅಲಗು ಬಿಸಿಲಿಗೆ ಕನ್ನಡಿಯಂತೆ ಮಿಂಚುತ್ತದೆ. (ಈ ವಿಷಯದಲ್ಲಿ ನಮ್ಮ ತೆಪ್ಪವೇ ವಾಸಿ, ಅದರ ಹುಟ್ಟು ಮೇಲೇಳುವುದೇ ಕಮ್ಮಿ.) ಮೇಯುತ್ತಿದ್ದವು ಕತ್ತು ನೆಟ್ಟಗೆ ಮಾಡಿದರೆ ಅಲ್ಲೇ ನಿಲ್ಲಿ. ಒತ್ತಾಗಿ ಸೇರಿ ಗಾಳಿಯತ್ತ ಮುಖ ತಿರುಗಿಸಿದವು ಅಂದರೆ ಹಿಂದೆ ಸರಿಯಿರಿ, ಇನ್ನೇನು ಏಳುತ್ತವೆ.

ಬೈನಾಕ್ಯುಲರ್ 8x42 (ಎಂಟು ಪಟ್ಟು ಹಿಗ್ಗಿಸುವ, 42 ಮಿ.ಮೀ. ಮುಂಗಾಜಿನದು) ಸಾಕು. 10x ಹಿಡಿದರೆ ದೋಣಿಯ ಅಲುಗಾಟವೂ ಅಷ್ಟೇ ದೊಡ್ಡದಾಗಿ ಕಾಣುತ್ತದೆ.

ಬಿಳಿಹುಬ್ಬಿನ ಬಾತನ್ನು ಹುಬ್ಬು ನೋಡಿ ಗುರುತಿಸುತ್ತೇನೆ ಅಂದುಕೊಂಡವರು ಅಕ್ಟೋಬರಿನಲ್ಲಿ ಮೋಸಹೋಗುತ್ತಾರೆ. ಆಗ ಗಂಡಿಗೂ ಹೆಣ್ಣಿನಂಥ ಕಂದು ಗರಿ. ಆ ಹುಬ್ಬು ಬೆಳಗುವುದು ಚಳಿಗಾಲ ಮುಗಿಯುತ್ತ ಬಂದಾಗ. ಮುಖದ ಪಟ್ಟೆ ನೋಡಿ, ಹಾರಿದಾಗ ಗಂಡಿನ ರೆಕ್ಕೆಯ ಮುಂಭಾಗದ ಬೂದುನೀಲಿ ನೋಡಿ. ಗದ್ದೆ ಗೊರವ ಇನ್ನೂ ಸುಲಭ: ನಿಂತಲ್ಲೇ ಹಿಂಭಾಗ ಕುಣಿಸುತ್ತದೆ, ಎದೆಯ ಬಿಳುಪು ರೆಕ್ಕೆಯ ಮುಂದೆ ಭುಜದವರೆಗೆ ಏರಿರುತ್ತದೆ, ಎದ್ದರೆ ರೆಕ್ಕೆ ಬಿಗಿಹಿಡಿದು ನೀರಿಗೆ ತಾಕುವಷ್ಟು ತಗ್ಗಿನಲ್ಲಿ ಹೋಗುತ್ತದೆ.

ಲೈಫ್ ಜಾಕೆಟ್ ಬಿಚ್ಚಬೇಡಿ. ಮೀನಿನ ಬಲೆಯ ನೈಲಾನ್ ಎಳೆ ಕಣ್ಣಿಗೆ ಬೀಳುವುದಿಲ್ಲ, ಸಾಲಾಗಿ ತೇಲುವ ಥರ್ಮಾಕೋಲ್ ತುಂಡು ಕಂಡರೆ ಸುತ್ತಿ ಹೋಗಿ. ಹುಟ್ಟಿಗೆ ಬಲೆ ಸಿಕ್ಕಿಕೊಂಡರೆ ಎಳೆದಾಡದೆ ದೋಣಿಯನ್ನೇ ಹಿಂದಕ್ಕೆ ತನ್ನಿ. ಕಟ್ಟೆಯ ಹತ್ತಿರಕ್ಕೆ ಹೋಗುವ ಮಾತೇ ಬೇಡ. ರಂಗನತಿಟ್ಟಿಗೂ ಸ್ವಂತ ದೋಣಿ ಒಯ್ಯುವಂತಿಲ್ಲ, ಅಲ್ಲಿ ಅರಣ್ಯ ಇಲಾಖೆಯ ದೋಣಿಯೇ ಗತಿ. ಬಂಡೆಯ ಮೇಲೆ ಬಾಯಿ ತೆರೆದು ಬಿಸಿಲು ಕಾಯುವ ಮೊಸಳೆ ಕಂಡವರು ಕೈಯನ್ನು ನೀರಿಗೆ ಬಿಡುವುದಿಲ್ಲ ಬಿಡಿ.