ಊಟದ ಮೇಜಿನ ಮೇಲೆ ಅಂಟಾರ್ಟಿಕಾ: ಆರನೇ ವಾರ

ಮೊದಲು ಕೆಟ್ಟ ಸುದ್ದಿ. ಬೂಷ್ಟು ಬಂದಿದೆ. ಹಳೇ ಪೇಪರು, ಮೈದಾ ಅಂಟಿನಲ್ಲಿ ನಾನು ಮಾಡುತ್ತಿರುವ ಅಂಟಾರ್ಟಿಕಾ ಮಾದರಿಯ ಒಂದು ಅಂಚು ಹಸಿರಾಗಿತ್ತು. ಕಕ್ಕಡದ ಮಳೆಗೆ ಮಡಿಕೇರಿಯಲ್ಲಿ ಬಟ್ಟೆಯೇ ಒಣಗೋದಿಲ್ಲ, ಇನ್ನು ಖಂಡ ಒಣಗುತ್ತಾ? ಕೆರೆದು, ಎರಡು ರಾತ್ರಿ ಒಲೆ ಪಕ್ಕ ಇಟ್ಟೆ. ಈಗ ಹೊಗೆ ವಾಸನೆ. ಅಂಟಿಗೆ ಚೂರು ಮೈಲುತುತ್ತು ಬೆರೆಸಬೇಕಿತ್ತು. ತೋಟಕ್ಕೆ ಹೊಡೆಯಲು ತಂದದ್ದು ಮನೆಯಲ್ಲೇ ಇತ್ತು, ಹೊಳೆಯಲಿಲ್ಲ.

ಬೆಟ್ಟಗಳು ಎದ್ದಿವೆ. ಸಾವಿರ ಮೀಟರಿಗೆ ಒಂದು ಸೆಂಟಿಮೀಟರ್ ಲೆಕ್ಕ. ಎರೆಬಸ್ ಜ್ವಾಲಾಮುಖಿ 3,794 ಮೀಟರ್. ನಮ್ಮ ಕೊಡಗಿನ ತಡಿಯಂಡಮೋಳ್ ಬೆಟ್ಟ ಅದರ ಅರ್ಧಕ್ಕೂ ಬರೋದಿಲ್ಲ.

ಈಗ ಬಾವುಟಗಳು, ಜಾಗಕ್ಕೆ ಯಾರ ಹೆಸರಿದೆಯೋ ಅದರ ಪ್ರಕಾರ ಬಣ್ಣ. ಕೆಂಪು ಅನ್ವೇಷಕರಿಗೆ, ಹಳದಿ ರಾಜ ರಾಣಿಯರಿಗೆ, ನೀಲಿ ಉಳಿದವರಿಗೆ. ಹೋದವರು ತಮ್ಮ ಹೆಸರನ್ನು ತಾವೇ ಇಟ್ಟುಕೊಂಡರು ಅಂದುಕೊಂಡಿದ್ದೆ. ಸುಮ್ನೆ ಅಂದುಕೊಂಡದ್ದು, ತಪ್ಪು. 1823ರಲ್ಲಿ ಬ್ರಿಟಿಷ್ ನಾವಿಕ ವೆಡೆಲ್ ತಾನು ಹೊಕ್ಕ ಸಮುದ್ರಕ್ಕೆ ನಾಲ್ಕನೇ ಜಾರ್ಜ್ ದೊರೆಯ ಹೆಸರಿಟ್ಟ. ಅದು ವೆಡೆಲ್ ಸಮುದ್ರ ಆದದ್ದು 1900ರಲ್ಲಿ. ಜೇಮ್ಸ್ ರಾಸ್ 1841ರಲ್ಲಿ ಕಂಡ ನೆಲಕ್ಕೆ ವಿಕ್ಟೋರಿಯಾ ರಾಣಿಯ ಹೆಸರು ಕೊಟ್ಟ. ಎರಡು ಬೆಟ್ಟಗಳಿಗೆ ತನ್ನ ಹಡಗುಗಳ ಹೆಸರು: ಎರೆಬಸ್, ಟೆರರ್. ಆ ಬೆಟ್ಟಗಳಿರುವ ದ್ವೀಪಕ್ಕೆ ರಾಸ್ ಅಂತ ಹೆಸರಿಟ್ಟವನು ಆಮೇಲೆ ಬಂದ ಸ್ಕಾಟ್. ಹಾಗಾಗಿ ಕೆಂಪು ಬಾವುಟಗಳನ್ನೆಲ್ಲ ಕಿತ್ತು, ಹಿಂಬದಿಯಲ್ಲಿ ಹೆಸರಿಟ್ಟವರ ಹೆಸರನ್ನೂ ಬರೆಯುತ್ತಿದ್ದೇನೆ. ಕೆಲಸ ಡಬಲ್ ಆಯಿತು.

ನೀಲಿ ಕಾಗದ ಖಾಲಿ! 1840ರಲ್ಲಿ ಫ್ರೆಂಚ್ ಅನ್ವೇಷಕ ದ್ಯುರ್ವಿಲ್ ತನ್ನ ಹೆಂಡತಿ ಅಡೆಲ್ ಹೆಸರನ್ನು ನೆಲಕ್ಕೆ ಕೊಟ್ಟ, ಅಲ್ಲಿಂದ ಅದು ಪೆಂಗ್ವಿನ್‌ಗೂ ಹೋಯಿತು. ಅಮೆರಿಕದ ಬರ್ಡ್ 1929ರಲ್ಲಿ ಇನ್ನೊಂದು ನೆಲಕ್ಕೆ ಹೆಂಡತಿ ಮೇರಿಯ ಹೆಸರಿಟ್ಟ. ಶ್ಯಾಕಲ್‌ಟನ್ ಏರಿದ ಬಿಯರ್ಡ್‌ಮೋರ್ ಹಿಮನದಿ ದುಡ್ಡು ಕೊಟ್ಟ ಉದ್ಯಮಿಯದು. ಅಮುಂಡ್ಸೆನ್ ಹತ್ತಿದ ಆಕ್ಸೆಲ್ ಹೈಬರ್ಗ್ ಹಿಮನದಿಯದೂ ಅದೇ ಕಥೆ. ದೇವಸ್ಥಾನದ ಟ್ಯೂಬ್‌ಲೈಟ್ ಮೇಲೆ ದಾನಿಯ ಹೆಸರು ಬರೆಸಿದ ಹಾಗೆ, ಅಲ್ವಾ? ಉತ್ತರ ಧ್ರುವದ ಕಡೆ ಇನ್ನೂ ತಮಾಷೆ. ಅನ್ವೇಷಕ ಪಿಯರಿ 1906ರಲ್ಲಿ ದೂರದಿಂದ ಕಂಡೆ ಎಂದ ನೆಲಕ್ಕೆ ದಾನಿ ಕ್ರಾಕರ್ ಹೆಸರಿಟ್ಟ. 1914ರಲ್ಲಿ ಹುಡುಕಿಕೊಂಡು ಹೋದವರಿಗೆ ಅಲ್ಲಿ ನೆಲವೇ ಇರಲಿಲ್ಲ.

ಬಾವುಟ ಅಂಟಿಸುವಾಗ ಅಜ್ಜಿ ಕೇಳಿದರು: "ಅಲ್ಲಿದ್ದ ಜನ ಅದನ್ನೆಲ್ಲ ಏನಂತ ಕರೀತಿದ್ರು?"

"ಅಲ್ಲಿ ಜನವೇ ಇರ್ಲಿಲ್ಲ ಅಜ್ಜಿ."

ನಮ್ಮ ಅಬ್ಬಿಯನ್ನು ಬ್ರಿಟಿಷರು ಜೆಸ್ಸಿ ಫಾಲ್ಸ್ ಅಂದರು. ಅಬ್ಬಿ ಅಂದರೆ ಸುಮ್ನೆ ಜಲಪಾತ, ಯಾರ ಹೆಸರೂ ಅಲ್ಲ. ಅವರು ಹೋದರು, ಅಬ್ಬಿ ಅಬ್ಬಿಯಾಗಿಯೇ ಉಳಿಯಿತು. ಫ್ರೇಸರ್‌ಪೇಟೆ ಹೋಗಿ ಕುಶಾಲನಗರ ಬಂತು. ಎರೆಬಸ್‌ಗೆ ಹಾಗೆ ಹಿಂದಿರುಗಲು ಹಳೇ ಹೆಸರೇ ಇಲ್ಲ. ಅಜ್ಜಿ "ಪಾಪ" ಅಂದರು. ಯಾರಿಗೆ ಅಂತ ಗೊತ್ತಾಗಲಿಲ್ಲ.

ಬಾಕಿ ಇರೋದು ಅಂಟಾರ್ಟಿಕಾದಲ್ಲಿರುವ ಭಾರತದ ಸಂಶೋಧನಾ ಕೇಂದ್ರ ಮೈತ್ರಿಯ ಜಾಗ. ಅದು ಶಿರ್ಮಾಕರ್ ಓಯಸಿಸ್‌ನಲ್ಲಿದೆ, ಅಂದರೆ ಹಿಮ ಮುಚ್ಚದ ಬರಿನೆಲದಲ್ಲಿ. ಶಿರ್ಮಾಕರ್ 1938–39ರ ಜರ್ಮನ್ ತಂಡದ ವಿಮಾನ ಚಾಲಕ, ಮೇಲಿಂದ ಹಾರುತ್ತಾ ಆ ಜಾಗ ಕಂಡವನು. ಕೆಂಪಾ, ನೀಲಿಯಾ? ಆ ಬಾವುಟ ಇನ್ನೂ ಬಿಳಿ ಇದೆ.