ಇಸ್ಪೀಟ್ ಎಕ್ಕ ಮತ್ತು ಗದಗದ ಬಿಸಿಲು

ಹಳೇ ಎಲೆ ಪ್ಯಾಕ್ ಕೈಗೆ ಸಿಕ್ಕರೆ ನಾನು ಮೊದಲು ಹುಡುಕೋದು ಇಸ್ಪೀಟ್ ಎಕ್ಕ. ಆಮೇಲೆ ಜೋಕರ್. ಉಳಿದ ಎಲೆಗಳನ್ನು ನಿಧಾನಕ್ಕೆ ನೋಡಿದರಾಯಿತು.

ಬೇರೆ ಮೂರು ಎಕ್ಕಗಳು ಬೋಳು ಬೋಳಾಗಿರುತ್ತವೆ. ಇಸ್ಪೀಟ್ ಎಕ್ಕಕ್ಕೆ ಮಾತ್ರ ಬಳ್ಳಿ, ಹೂವು, ಕಂಪನಿ ಹೆಸರು, ಊರು. ಇದಕ್ಕೆ ಕಾರಣ ತೆರಿಗೆ. ಇಂಗ್ಲೆಂಡಿನಲ್ಲಿ ಪ್ರತಿ ಪ್ಯಾಕಿಗೂ ಸುಂಕ ಇತ್ತು. 1765ರಿಂದ ಈ ಒಂದು ಎಲೆಯನ್ನು ಸರ್ಕಾರದ ಸ್ಟಾಂಪ್ ಕಚೇರಿಯೇ ಅಚ್ಚು ಹಾಕಿ ಕೊಡುತ್ತಿತ್ತು. ಕಳ್ಳ ಎಕ್ಕ ಮಾಡಿದ್ದಕ್ಕೆ 1805ರಲ್ಲಿ ರಿಚರ್ಡ್ ಹಾರ್ಡಿಂಗ್ ಅನ್ನುವವನನ್ನು ಗಲ್ಲಿಗೇ ಹಾಕಿದರು! 1862ರಲ್ಲಿ ಕಂಪನಿಗಳಿಗೆ ತಮ್ಮದೇ ಎಕ್ಕ ಅಚ್ಚು ಹಾಕುವ ಅವಕಾಶ ಸಿಕ್ಕಿತು. ಅಲಂಕಾರ ಮಾತ್ರ ಹಾಗೇ ಉಳಿಯಿತು. ಜೋಕರ್ ಕಥೆ ಬೇರೆ. ಅದು 1860ರ ದಶಕದಲ್ಲಿ ಅಮೆರಿಕದಲ್ಲಿ ಹುಟ್ಟಿದ್ದು. ಅದು ಹೀಗೇ ಇರಬೇಕು ಅನ್ನುವ ಕಟ್ಟಳೆ ಇಲ್ಲ. ಅಚ್ಚು ಹಾಕುವವನಿಗೆ ತೋಚಿದ್ದೇ ಚಿತ್ರ.

ನನ್ನದು ಹುಬ್ಬಳ್ಳಿಯ ದುರ್ಗದ ಬೈಲ್ ಹತ್ತಿರ ಸ್ಟೇಷನರಿ ಅಂಗಡಿ. ಭಾನುವಾರ ಬಾಗಿಲು ಹಾಕಿ, ಹೆಂಡತಿಯ ತಮ್ಮನ ಕಾರಿನಲ್ಲಿ ಹಳೇ ಎಲೆ ಹುಡುಕಿಕೊಂಡು ಹೊರಡುತ್ತೇನೆ. ಹೋಗೋದು ಹೆಚ್ಚಾಗಿ ಗದಗದ ಕಡೆಗೇ. ಶಿರಸಿ, ಯಲ್ಲಾಪುರದ ಕಡೆ ಹಳೇ ಮನೆಗಳು ಬೇಕಾದಷ್ಟಿವೆ. ಆದರೆ ಅಲ್ಲಿಯ ಮಳೆಗೆ ಎಲೆಗಳು ಬೂಸ್ಟು ಹಿಡಿದು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಅಣ್ಣಿಗೇರಿ ದಾಟಿದರೆ ಬರೀ ಎರೆಹೊಲ, ಏಪ್ರಿಲ್‌ನಲ್ಲಿ ಕಾಲು ಇಳಿಯುವಷ್ಟು ಬಿರುಕು. ನೆರಳಿಗೆ ಒಂದು ಜಾಲಿ ಮರ ಸಿಕ್ಕರೆ ಪುಣ್ಯ. ಇಂಥ ಬಿಸಿಲಿಗೆ ಎಲೆ ಸ್ವಲ್ಪ ಸೊಟ್ಟಗಾಗುತ್ತದೆ, ಆದರೆ ಹಾಳಾಗೋದಿಲ್ಲ.

ಅಂಗಡಿಗೆ ಹೋಗಿ "ಹಳೇ ಇಸ್ಪೀಟ್ ಎಲಿ ಅದಾವೇನ್ರಿ?" ಅಂತ ನೇರವಾಗಿ ಕೇಳಬಾರದು. ಅವರು ಮೊದಲು ನಮ್ಮ ಕಾರು ನೋಡುತ್ತಾರೆ, ಆಮೇಲೆ ನಮ್ಮ ಕಾಲಿನ ಬೂಟು. "ಅಂಥಾವೆಲ್ಲ ನಾವು ಇಡಂಗಿಲ್ರೀ ಸಾಹೇಬ್ರ" ಅಂತಾರೆ. ಅವರ ತಪ್ಪಲ್ಲ. ಪೇಪರ್ ತೆಗೆದರೆ ಜೂಜಾಟದ ಕೇಸು, ಪೊಲೀಸ್ ಕಾಯ್ದೆಯ ಕಲಂ 87, ಇಷ್ಟು ನಗದು, 52 ಇಸ್ಪೀಟ್ ಎಲೆ ಜಪ್ತಿ ಅಂತ ಸುದ್ದಿ ಇದ್ದೇ ಇರುತ್ತದೆ. ಎಷ್ಟು ಚೆಂದದ ಪ್ಯಾಕ್‌ಗಳು ಪಂಚನಾಮೆಯಲ್ಲೇ ಮುಗಿದು ಹೋದವೋ ಏನೋ. ಹಾಗಾಗಿ ನಾನು ಮೊದಲು ಒಂದೆರಡು ಪೆನ್ನು ತಗೊಳ್ಳುತ್ತೇನೆ. ನೋಟ್‌ಬುಕ್ ರೇಟು ಏರಿದ್ದರ ಬಗ್ಗೆ ಇಬ್ಬರೂ ಸೇರಿ ಬೈಯುತ್ತೇವೆ. ಆಮೇಲೆ ಮಾತು ಮಾರಾಟವಾಗದ ಹಳೇ ಸ್ಟಾಕಿಗೆ ಬರುತ್ತದೆ.

ಈ ಸಲ ಬೆಟಗೇರಿಯ ಒಂದು ಕಿರಾಣಿ ಅಂಗಡಿಯಲ್ಲಿ ಹಾಗೇ ಆಯಿತು. ಗಲ್ಲಾದಲ್ಲಿ ಕೂತಿದ್ದ ಅಜ್ಜಿ ಮಾತು ಕೇಳಿಸಿಕೊಂಡು ಒಳಗೆ ಹೋದರು. ಬಿಸ್ಕೀಟ್ ಡಬ್ಬಿಯೊಂದನ್ನು ತಂದಿಟ್ಟರು. "ನಮ್ಮ ಯಜಮಾನ್ರವು. ಗಣಪತಿ ಹಬ್ಬದಾಗ ರಾತ್ರಿಯೆಲ್ಲಾ ಆಡತಿದ್ರು. ಮನ್ಯಾಗ ಇಡಬ್ಯಾಡ್ರಿ ಅಂತ ನಾ ಬೈತಿದ್ದೆ."

ಡಬ್ಬಿಯಲ್ಲಿ ನಶ್ಯದ ವಾಸನೆ. ಒಳಗೆ ರಟ್ಟಿನ ಪೆಟ್ಟಿಗೆ, ಅದರ ಮೇಲೆ ಹುಬ್ಬಳ್ಳಿಯ ವ್ಯಾಪಾರಿಯೊಬ್ಬರ ಚೀಟಿ. ವಿಳಾಸದ ಕೊನೆಗೆ "ಮೈಸೂರು ರಾಜ್ಯ". ಅಂದರೆ 1956ರ ನವೆಂಬರ್ ಆದಮೇಲೆ, 1973ರ ನವೆಂಬರ್‌ಗೆ ಮೊದಲು. ಮೊದಲು ನಾವು ಬೊಂಬಾಯಿಗೆ ಸೇರಿದ್ದೆವು, ಆಮೇಲೆ ಕರ್ನಾಟಕ ಆಯಿತು. ಪಿನ್‌ಕೋಡ್ ಇಲ್ಲ, ಅದು ಬಂದದ್ದು 1972ರಲ್ಲಿ. ನಾನು ಇಷ್ಟಕ್ಕೇ ಖುಷಿಯಾಗಿದ್ದೆ. ಅಷ್ಟರಲ್ಲಿ ಮೈದುನ ಪೆಟ್ಟಿಗೆ ಮಗುಚಿದ. "ಮಾಮಾ, ಇಲ್ನೋಡ್ರಿ." ತಳದಲ್ಲಿ ರಬ್ಬರ್ ಸ್ಟಾಂಪಿನ ಗುರುತು: 1 ರೂ. 25 ನ.ಪೈ.

ನಯೇ ಪೈಸೆ! 1957ರಲ್ಲಿ ಆಣೆ ಹೋಗಿ ಬಂದ ನಾಣ್ಯಕ್ಕೆ 1964ರವರೆಗೆ ಮಾತ್ರ ಇದ್ದ ಹೆಸರು. ಏಳು ವರ್ಷದ ಕಿಂಡಿಯಲ್ಲಿ ಪ್ಯಾಕ್ ಸಿಕ್ಕಿಬಿತ್ತು. ಅಜ್ಜಿಗೆ ನಾವು ಯಾಕೆ ಕುಣಿಯುತ್ತಿದ್ದೇವೆ ಅಂತ ತಿಳಿಯಲಿಲ್ಲ.

ಎಕ್ಕದಲ್ಲಿ ಕಂಪನಿ ಹೆಸರಿಲ್ಲ, ಸುಮ್ನೆ ಒಂದು ಗುಲಾಬಿ. ಜೋಕರ್ ಮಾತ್ರ ಅದ್ಭುತ. ರುಮಾಲು ಸುತ್ತಿಕೊಂಡು, ಸೈಕಲ್ ಮೇಲೆ ಹಿಂದುಮುಂದಾಗಿ ಕೂತಿದ್ದಾನೆ. ಆಟೀನ್ ಏಳು ಕಳೆದುಹೋಗಿದೆ. ಅದರ ಜಾಗಕ್ಕೆ ಯಾರೋ ಲಗ್ನಪತ್ರಿಕೆ ಕತ್ತರಿಸಿ, ಕೆಂಪು ಶಾಯಿಯಲ್ಲಿ ಏಳು ಗುರುತು ಬರೆದಿದ್ದಾರೆ. ಹಿಂದೆ "ಸಹಕುಟುಂಬ ಸಹಪರಿವಾರ" ಅಂತ ಅರ್ಧ ಸಾಲು. ಆ ಎಲೆ ಯಾರ ಕೈಯಲ್ಲಿದೆ ಅಂತ ಎದುರಿಗಿದ್ದವರಿಗೆಲ್ಲ ಕಾಣುತ್ತಿತ್ತು, ಅಲ್ವಾ? ಆದರೂ ಆಡಿದ್ದಾರೆ, ಅಂಚು ಸವೆದಿದೆ. ನನ್ನ ಲೆಕ್ಕದಲ್ಲಿ ಇಡೀ ಪ್ಯಾಕಿನಲ್ಲಿ ಅದೇ ಜಾಸ್ತಿ ಬೆಲೆಯ ಎಲೆ.

ಇನ್ನೂರು ರೂಪಾಯಿ ಕೊಟ್ಟೆ. ಅಜ್ಜಿ ನೂರು ವಾಪಸ್ ಕೊಡಲು ಬಂದರು, ನಾನು ತಗೊಳ್ಳಲಿಲ್ಲ. ಅಲ್ಲಿಂದ ಲಕ್ಕುಂಡಿಗೂ ಹೋದೆವು. ಗುಡಿ ನೋಡಿದೆವು, ಮಜ್ಜಿಗೆ ಕುಡಿದೆವು. ಎಲೆ ಸಿಗಲಿಲ್ಲ.

ಗಂಜೀಫಾ, ಅಂದರೆ ಕೈಯಲ್ಲೇ ಚಿತ್ರ ಬರೆದ ಹಳೇ ಕಾಲದ ಆಟದ ಎಲೆ, ಯಾಕೆ ಕೂಡಿಡೋದಿಲ್ಲ ಅಂತ ಗೆಳೆಯರು ಕೇಳುತ್ತಾರೆ. ಮಹಾರಾಷ್ಟ್ರದ ಸಾವಂತವಾಡಿಯಲ್ಲಿ ಈಗಲೂ ದಶಾವತಾರದ ಗುಂಡನೆಯ ಎಲೆಗಳನ್ನು ಕೈಯಲ್ಲೇ ಬರೆಯುತ್ತಾರೆ. ಅವತಾರಕ್ಕೆ ಹನ್ನೆರಡರಂತೆ 120 ಎಲೆ. ಹಗಲಲ್ಲಿ ಆಡಿದರೆ ರಾಮನ ರಾಜ ಇದ್ದವನು ಆಟ ಶುರು ಮಾಡಬೇಕು, ರಾತ್ರಿಯಾದರೆ ಕೃಷ್ಣನ ರಾಜ ಇದ್ದವನು. ಎಂಥಾ ನಿಯಮ ನೋಡಿ! ಆದರೆ ಹೊಸ ಸೆಟ್ಟು ಗಾಜಿನ ಕಪಾಟಿಗೇ ಸರಿ. ಬೆರಳಿನ ಜಿಡ್ಡು ಹತ್ತಿದ ಗಂಜೀಫಾ ಸಿಕ್ಕರೆ ಅಂಗಡಿ ಒತ್ತೆ ಇಟ್ಟಾದರೂ ತಗೊಳ್ಳುತ್ತೇನೆ. ಹೆಂಡತಿ ಇದನ್ನು ಓದೋದಿಲ್ಲ ಅನ್ನೋ ಧೈರ್ಯ.

ನವಾಬರಿದ್ದ ಊರು, ಅಂಥ ಗಂಜೀಫಾ ಸಿಕ್ಕೀತು ಅನ್ನುವ ಆಸೆಗೆ ಮುಂದಿನ ಸಲ ಲಕ್ಷ್ಮೇಶ್ವರದ ಮೇಲೆ ಸವಣೂರಿಗೆ ಹೋಗುವ ಯೋಚನೆ ಇದೆ. ಆ ಕಡೆ ಹಳೇ ಅಂಗಡಿಗಳು ಗೊತ್ತಿದ್ದರೆ ಹೇಳಿ. ನಾವು ಪೊಲೀಸರಲ್ಲ ಅಂತ ಅವರಿಗೆ ಮೊದಲೇ ಒಂದು ಮಾತು ತಿಳಿಸಿಬಿಟ್ಟರೆ ಪೆನ್ನಿನ ಖರ್ಚು ಉಳಿಯುತ್ತದೆ.